ಔಷಧಿಯೂ ಆಸರೆಯೂ: ನಮ್ಮ ಶುಶ್ರೂಷಾ ಪರಂಪರೆಯ ಹಿನ್ನೋಟ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಶಾಮನೂರು, ದಾವಣಗೆರೆಗಳ ಕಡೆಯಿಂದಲೂ ಭಕ್ತರು ಹೋಗುತ್ತಾರೆ. ಅವರಲ್ಲಿ ಅನ್ಯಮತೀಯರೂ ಅನೇಕರು. ಮಾತೆಯ ಸನ್ನಿಧಿಯಲ್ಲಿ ಅವರು ಬೇಡುವುದು ದೇಹಾರೋಗ್ಯವನ್ನಷ್ಟೇ ಅಲ್ಲ. ಮಗನಿಗೆ ಉದ್ಯೋಗ, ಮಗಳಿಗೆ ವಿವಾಹ, ಮನೆಗೆ ನೆಮ್ಮದಿ ಎಲ್ಲವೂ ಆ ಬೇಡಿಕೆಯಲ್ಲಿ ಸೇರಿರುತ್ತವೆ. ಆರೋಗ್ಯವನ್ನು ಬದುಕಿನಿಂದ ಬೇರ್ಪಡಿಸಲಾಗದೆಂಬುದನ್ನು ನಮ್ಮ ಜನ ಬಲ್ಲರು. ಕರ್ನಾಟಕದಲ್ಲಿ ಧರ್ಮಸಭೆಯ ಶುಶ್ರೂಷೆ ಬೆಳೆದುಬಂದದ್ದೂ ಈ ತಿಳಿವಿನ ಮೇಲೆಯೇ.

ಜರ್ಮನಿಯಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಫಾದರ್ ಅಗಸ್ಟಸ್ ಮುಲ್ಲರ್‌ರವರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯವನ್ನು ತೆರೆದರು. ಔಷಧಿಗಳ ಮಾರಾಟದಿಂದ ಬಂದ ಆದಾಯವು ಬಡರೋಗಿಗಳ ಸೇವೆಗೆ ಸಂದಿತು. ಅವರು 1910ರಲ್ಲಿ ದೈವಾಧೀನರಾದರೂ ಆ ನೆರಳು ಇಂದು ಮಹಾ ಆಸ್ಪತ್ರೆಯಾಗಿ ಹರಡಿದೆ.

ಆ ಆಶ್ರಯದ ಮಹತ್ವವನ್ನು ಅರಿಯಬೇಕಾದರೆ ಒಂದು ಸಂಗತಿಯನ್ನು ನೆನೆಯಬೇಕು. ಅಂದು ಕುಷ್ಠಕ್ಕೆ ತಕ್ಕ ಮದ್ದಿರಲಿಲ್ಲ. ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಗುಣಪಡಿಸಲಾಗದ ರೋಗಿಗೆ ಕೊಡಬಹುದಾದದ್ದೇನು? ಸೂರು, ಅನ್ನ, ಹುಣ್ಣು ತೊಳೆದು ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ದನಿ. ಮದ್ದು ಸೋತಲ್ಲಿಯೂ ಶುಶ್ರೂಷೆ ಸೋಲಬೇಕಾಗಿಲ್ಲವೆಂಬ ತತ್ತ್ವವು ಹೀಗೆ ಕಾರ್ಯರೂಪಕ್ಕೆ ಬಂದಿತು.

ಮದ್ದು ದೊರೆತ ಮೇಲೆ ಮತ್ತೊಂದು ಸತ್ಯ ಗೋಚರಿಸಿತು. ರೋಗ ಹೋದರೂ ಕಳಂಕ ಹೋಗಲಿಲ್ಲ. ಗುಣಹೊಂದಿದವರಿಗೆ ಮನೆಯ ಬಾಗಿಲು ತೆರೆಯಲಿಲ್ಲ. ಆದ್ದರಿಂದಲೇ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಬಳಿ ಆರಂಭವಾದ ಸುಮನಹಳ್ಳಿಯಲ್ಲಿ ಚಿಕಿತ್ಸೆಯೊಡನೆ ವಸತಿಯನ್ನೂ ಕಸುಬಿನ ತರಬೇತಿಯನ್ನೂ ಜೋಡಿಸಲಾಯಿತು. ಭಿಕ್ಷೆಗೆ ಚಾಚುತ್ತಿದ್ದ ಕೈ ದುಡಿಮೆಯ ಕೈಯಾದಾಗಲೇ ಚಿಕಿತ್ಸೆ ಪೂರ್ಣವಾಗುವುದಷ್ಟೆ.

ಈ ಅರಿವು ನಮ್ಮ ಸಭೆಯೊಂದರ ಸೊತ್ತಲ್ಲ. ಡಾ. ಎಚ್. ಸುದರ್ಶನ್‌ರವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಆರಂಭಿಸಿದ ಸೇವೆಯು ಚಿಕಿತ್ಸೆಯಿಂದ ಶಾಲೆಗೂ ಜೀವನೋಪಾಯಕ್ಕೂ ವಿಸ್ತರಿಸಿತು. ಬೇರೆ ಬೇರೆ ಪಥಗಳಿಂದ ಹೊರಟವರು ಒಂದೇ ನೆಲೆಗೆ ಬಂದು ಸೇರಿದರು.

ಆ ನೆಲೆ ಯಾವುದು? ಶುಭಸಂದೇಶದ ಸಮಾರ್ಯದವನನ್ನು ನೆನೆಯೋಣ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನು, ಅದು ವೈದ್ಯ. ಛತ್ರಕ್ಕೆ ಒಯ್ದು ಆರೈಕೆ ಮಾಡಿದನು, ಅದು ಆಸರೆ. ಮರುದಿನ ಹಣ ಕೊಟ್ಟು, ಹೆಚ್ಚಿಗೆ ವೆಚ್ಚವಾದರೆ ಹಿಂದಿರುಗುವಾಗ ಸಲ್ಲಿಸುವುದಾಗಿ ಹೇಳಿದನು. ಅದು ಕೈಬಿಡದ ಹೊಣೆ. ಗಾಯಾಳುವಿನ ಕುಲಗೋತ್ರವನ್ನು ಅವನು ಕೇಳಲಿಲ್ಲ. ರೋಗವನ್ನಲ್ಲ, ಮನುಷ್ಯನನ್ನು ನೋಡುವುದು, ಅವನ ಗೌರವವನ್ನು ಕಾಯುವುದು, ಭೇದವೆಣಿಸದಿರುವುದು, ಕಡೆಯವರೆಗೂ ಜೊತೆಗಿರುವುದು: ಇವೇ ಆ ಮೌಲ್ಯಗಳು.

1965ರಲ್ಲಿ ವೈದ್ಯಕೀಯ ಕಾಲೇಜನ್ನು ಪಡೆದ ದಾವಣಗೆರೆಯು ಇಂದು ಸುತ್ತಲಿನ ಊರುಗಳ ರೋಗಿಗಳು ಬಂದು ಸೇರುವ ನಗರವಾಗಿದೆ. ಶಸ್ತ್ರಚಿಕಿತ್ಸೆ ಮುಗಿಸಿ ಚೀಟಿ ಹಿಡಿದು ಹೊರಬರುವ ವೃದ್ಧೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವರಾರು, ಗಂಜಿ ಕಾಯಿಸುವವರಾರು ಎಂಬ ಪ್ರಶ್ನೆಗೆ ಯಾವ ಆಸ್ಪತ್ರೆಯೂ ತಾನೊಂದೇ ಉತ್ತರಿಸಲಾರದು. ಅದಕ್ಕೆ ಉತ್ತರ ಕೊಡಬೇಕಾದವರು ನೆರೆಹೊರೆಯ ನಾವು. ನೂರು ವರುಷಗಳ ಸಂಭ್ರಮದಲ್ಲಿ ದೀಪ ಬೆಳಗುವ ನಾವು, ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರ ಮನೆಗಳೆಷ್ಟೆಂಬುದನ್ನು ಮೊದಲು ಎಣಿಸೋಣ. ಎಣಿಸಿದ ಮೇಲೆ ಅಲ್ಲಿಗೆ ಹೋಗೋಣ. ಹಿರಿಯರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದಕ್ಕಿಂತ ಬೇರೊಂದಿಲ್ಲ.