ಬಾಟಲಿ ಹಾಲಿನ ನೂರೈವತ್ತು ವರ್ಷ

ಹಸುಗೂಸಿಗೆ ತಾಯಿಯ ಹಾಲಿಗಿಂತ ಮಿಗಿಲಾದ ಆಹಾರವಿಲ್ಲ. ಈ ಮಾತಿನಲ್ಲಿ ವೈದ್ಯರಿಗೂ ಮನೆಯ ಅಜ್ಜಿಯರಿಗೂ ಭಿನ್ನಾಭಿಪ್ರಾಯವಿಲ್ಲ. ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ಕೊಡಿ, ಆ ಬಳಿಕ ಬೇರೆ ಆಹಾರದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಹೆರಿಗೆಯಲ್ಲೇ ತಾಯಿ ತೀರಿಕೊಂಡರೆ? ಆಕೆಗೆ ಹಾಲೂಡಿಸಲಾಗದಂಥ ಕಾಯಿಲೆ ಇದ್ದರೆ? ದತ್ತು ಬಂದ ಕೂಸಾದರೆ? ಇದು ಮನುಕುಲದಷ್ಟೇ ಹಳೆಯ ಪ್ರಶ್ನೆ. ಅದಕ್ಕೆ ಡಬ್ಬದಲ್ಲಿ ಉತ್ತರ ಸಿಕ್ಕಿ ನೂರೈವತ್ತು ವರ್ಷಗಳಷ್ಟೇ ಆದವು. ಆ ಉತ್ತರವನ್ನು ಸುರಕ್ಷಿತವಾಗಿ ಬಳಸಲು ಕಲಿಯುವುದಕ್ಕೆ ಜಗತ್ತು ತೆತ್ತ ಬೆಲೆ ಸಣ್ಣದಲ್ಲ. ಇಂದು ಹಾಲುಪುಡಿಯ ಡಬ್ಬದ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಸೂಚನೆಗಳ ಹಿಂದೆ ಈ ಇತಿಹಾಸವಿದೆ.

ಒಳಲೆಯಿಂದ ಡಬ್ಬದವರೆಗೆ

ಡಬ್ಬ ಬರುವ ಮುನ್ನ ಇದ್ದ ಮುಖ್ಯ ದಾರಿಗಳು ಎರಡು. ಒಂದು, ಮತ್ತೊಬ್ಬ ಬಾಣಂತಿಯ ಹಾಲು. ಇನ್ನೊಂದು, ಹಸು, ಮೇಕೆ ಅಥವಾ ಕತ್ತೆಯ ಹಾಲು. ನಮ್ಮ ಮನೆಗಳಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಮೂತಿ ಚೂಪಾದ ಪುಟ್ಟ ಒಳಲೆಯಲ್ಲಿ ಮಗುವಿನ ಬಾಯಿಗೆ ಹನಿಹನಿಯಾಗಿ ಹಾಕುತ್ತಿದ್ದರು. ಹಾಗೆ ಬೆಳೆದ ಮಕ್ಕಳಲ್ಲಿ ಬದುಕಿದವರೂ ಉಂಟು, ವಾಂತಿ ಭೇದಿಗೆ ಬಲಿಯಾದವರೂ ಉಂಟು. ಹಸುವಿನ ಹಾಲು ಕರುವಿಗಾಗಿ ಇರುವಂಥದ್ದು. ಅದರಲ್ಲಿ ಪ್ರೋಟೀನು ತಾಯಿಯ ಹಾಲಿನ ಮೂರು ಪಟ್ಟಿನಷ್ಟಿದೆ, ಸಕ್ಕರೆ ಅಂಶ ಕಡಿಮೆ. ಕೂಸಿನ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಅದು ಭಾರವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರ ಈ ವ್ಯತ್ಯಾಸವನ್ನು ಅಳೆದು ತೋರಿಸಿತು. ಜರ್ಮನಿಯ ಖ್ಯಾತ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಗೋಧಿ ಹಿಟ್ಟು, ಮಾಲ್ಟ್ ಹಿಟ್ಟು ಹಾಗೂ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಹಸುವಿನ ಹಾಲಿಗೆ ಸೇರಿಸಿ ಬೇಯಿಸುವ ಶಿಶು ಆಹಾರವೊಂದನ್ನು ರೂಪಿಸಿದ. ಅದನ್ನು ತಯಾರಿಸುವುದು ತ್ರಾಸದ ಕೆಲಸವಾಗಿತ್ತು. ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ನೆಲೆಸಿದ್ದ ಔಷಧ ತಯಾರಕ ಆನ್ರಿ ನೆಸ್ಲೆ ಈ ತೊಡಕನ್ನು ಬಿಡಿಸಿದ. ಹಾಲು, ಗೋಧಿ ಹಿಟ್ಟು ಮತ್ತು ಸಕ್ಕರೆಯನ್ನು ಮೊದಲೇ ಸೇರಿಸಿ ಒಣಗಿಸಿದ ಅವನ ಪುಡಿಗೆ ಮನೆಯಲ್ಲಿ ನೀರು ಹಾಕಿ ಬೇಯಿಸಿದರೆ ಸಾಕಿತ್ತು. 1867ರಲ್ಲಿ, ಅವಧಿಗೆ ಮೊದಲೇ ಹುಟ್ಟಿ ತಾಯಿಯ ಹಾಲನ್ನೂ ಒಲ್ಲದ ಕೂಸೊಂದು ಈ ಪುಡಿಯಿಂದ ಬದುಕಿ ಉಳಿದದ್ದು ಅವನಿಗೆ ಹೆಸರು ತಂದಿತು. ಕೆಲವೇ ವರ್ಷಗಳಲ್ಲಿ ಈ ಪುಡಿ ಯುರೋಪು, ಅಮೆರಿಕಗಳ ಅಂಗಡಿಗಳಿಗೆ ಹೋಯಿತು.

ತಾಯಂದಿರಿಗೆ ಬೇಕಾಗಿದ್ದುದು ಇದೇ. ಬೇಗ ತಯಾರಾಗಬೇಕು, ಯಾರು ಬೇಕಾದರೂ ತಯಾರಿಸುವಂತಿರಬೇಕು. ಆದರೆ ಪುಡಿಗೆ ನೀರು ಬೇಕು, ನೀರು ತುಂಬಲು ಬಾಟಲಿ ಬೇಕು. ಅಪಾಯ ಒಳನುಗ್ಗಿದ್ದು ಇವೆರಡರಿಂದ.

ಕೊಲೆಗಾರ ಬಾಟಲಿ

1845ರಲ್ಲಿ ಅಮೆರಿಕದಲ್ಲಿ ರಬ್ಬರ್ ನಿಪ್ಪಲ್‌ಗೆ ಪೇಟೆಂಟ್ ದೊರೆಯಿತು. ಬಳಿಕ ಚಪ್ಪಟೆ ಗಾಜಿನ ಬಾಟಲಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ ಅದರ ತುದಿಗೆ ನಿಪ್ಪಲ್ ಸಿಕ್ಕಿಸುವ ಪದ್ಧತಿ ಬಂತು. ಯಾರೂ ಎತ್ತಿ ಹಿಡಿಯಬೇಕಾಗಿರಲಿಲ್ಲ. ತೊಟ್ಟಿಲಲ್ಲಿ ಮಲಗಿದ ಮಗು ತಾನಾಗಿಯೇ ಹೀರಿಕೊಳ್ಳುತ್ತಿತ್ತು. ಮನೆಗೆಲಸದಲ್ಲಿ ಮುಳುಗಿದ ತಾಯಿಗೆ ಇದು ವರದಾನದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಕೊಳವೆಯ ಒಳಭಾಗವನ್ನು ತೊಳೆಯಲು ಸಾಧ್ಯವೇ ಇರಲಿಲ್ಲ. ಹಳಸಿದ ಹಾಲು ಒಳಗೇ ಅಂಟಿ ಕೊಳೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಇವಕ್ಕೆ 'ಕೊಲೆಗಾರ ಬಾಟಲಿ' ಎಂಬ ಹೆಸರೇ ಬಿತ್ತು. ವೈದ್ಯರು ಬೇಡವೆಂದರೂ ಮಾರಾಟ ದಶಕಗಳ ಕಾಲ ನಿಲ್ಲಲಿಲ್ಲ. ಫ್ರಾನ್ಸ್ ಕೊನೆಗೆ 1910ರಲ್ಲಿ ಕಾನೂನು ಮಾಡಿ ಕೊಳವೆ ಬಾಟಲಿಯನ್ನು ನಿಷೇಧಿಸಿತು.

ಈ ನಡುವೆ ಲೂಯಿ ಪಾಶ್ಚರ್‌ನ ಸಂಶೋಧನೆಗಳಿಂದ ಸೂಕ್ಷ್ಮಾಣುಗಳ ಪಾತ್ರ ಸ್ಪಷ್ಟವಾಗಿತ್ತು. 1886ರಲ್ಲಿ ಜರ್ಮನಿಯ ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್, ಶಿಶುಗಳ ಹಾಲನ್ನು ಬಾಟಲಿಯಲ್ಲೇ ಕಾಯಿಸಿ ಶುದ್ಧಿಗೊಳಿಸುವ ಸಾಧನವನ್ನು ಪ್ರಚಾರಕ್ಕೆ ತಂದ. 1893ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ನೇಥನ್ ಸ್ಟ್ರಾಸ್, ಪಾಶ್ಚರೀಕರಿಸಿದ ಹಾಲನ್ನು ಬಡವರಿಗೆ ಒದಗಿಸುವ ಕೇಂದ್ರ ತೆರೆದ. ಮರುವರ್ಷ ಫ್ರಾನ್ಸಿನ ಫೆಕಾಂ ಪಟ್ಟಣದಲ್ಲಿ ಡಾ. ಲಿಯೊನ್ ದ್ಯುಫೂರ್ 'ಹಾಲಿನ ಹನಿ' ಎಂಬ ಅರ್ಥದ ಹೆಸರಿನ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಶುದ್ಧ ಬಾಟಲಿ ಕೊಡುತ್ತಿದ್ದರು. ಖಾಲಿ ಬಾಟಲಿ ಹಿಂದಿರುಗಿಸಿದರೆ ತುಂಬಿದ ಬಾಟಲಿ ಸಿಗುತ್ತಿತ್ತು. ಮಗುವಿನ ತೂಕವನ್ನು ಕ್ರಮವಾಗಿ ನೋಡುತ್ತಿದ್ದರು. ಒಂದು ಹೊತ್ತಿನ ಹಾಲು ಒಂದೇ ಹೊತ್ತಿಗೆ ಎಂಬ ಇಂದಿನ ನಿಯಮ ಅಲ್ಲಿ ಆಗಲೇ ಆಚರಣೆಯಲ್ಲಿತ್ತು.

ಕಾಯಿಸುವುದರಿಂದಲೂ ಒಂದು ಹೊಸ ತೊಂದರೆ ಬಂತು. ಬರೀ ಕಾಯಿಸಿದ ಹಾಲು, ಡಬ್ಬದ ಆಹಾರ ಉಂಡ ಶ್ರೀಮಂತರ ಮಕ್ಕಳಲ್ಲೇ ವಸಡು ಊದಿ ರಕ್ತ ಸೋರುವ ಸ್ಕರ್ವಿ ಕಾಣಿಸಿತು. ಲಂಡನ್ನಿನ ವೈದ್ಯ ಥಾಮಸ್ ಬಾರ್ಲೊ 1883ರಲ್ಲಿ ಇದನ್ನು ಗುರುತಿಸಿದರು. ಕಾವಿಗೆ ಸಿ ಜೀವಸತ್ವ ನಾಶವಾಗುತ್ತದೆಂಬುದು ಮುಂದೆ ತಿಳಿಯಿತು. ಜೀವಸತ್ವಗಳನ್ನು ಪುಡಿಗೆ ಹೊರಗಿನಿಂದ ಸೇರಿಸುವ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಬಂದದ್ದು ಹೀಗೆ.

ಮೈಸೂರಿನ ಪಾಲು

ಸ್ವಾತಂತ್ರ್ಯದ ಹೊಸತರಲ್ಲಿ ಭಾರತ ಶಿಶು ಆಹಾರಕ್ಕೆ ವಿದೇಶಗಳನ್ನೇ ನೆಚ್ಚಿಕೊಂಡಿತ್ತು. ನಮ್ಮಲ್ಲಿ ಹೇರಳವಾಗಿದ್ದುದು ಎಮ್ಮೆಯ ಹಾಲು. ಅದರಲ್ಲಿ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಹೀಗಾಗಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ಸಾಧ್ಯವಿಲ್ಲವೆಂಬ ಅಭಿಪ್ರಾಯ ಬಲವಾಗಿತ್ತು. ಇದನ್ನು ಸುಳ್ಳಾಗಿಸಿದ್ದು ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಮೈಸೂರಿಗರ ಬಾಯಲ್ಲಿ ಸಿಎಫ್‌ಟಿಆರ್‌ಐ. ಎಮ್ಮೆಯ ಹಾಲಿನ ಕೊಬ್ಬನ್ನು ತಗ್ಗಿಸಿ, ಮಗುವಿಗೆ ಸುಲಭವಾಗಿ ಜೀರ್ಣವಾಗುವಂತೆ ಮಾರ್ಪಡಿಸಿ, ಜೀವಸತ್ವ ಸೇರಿಸಿ ಪುಡಿ ಮಾಡುವ ವಿಧಾನವನ್ನು ಇಲ್ಲಿನ ವಿಜ್ಞಾನಿಗಳು 1950ರ ದಶಕದಲ್ಲಿ ರೂಪಿಸಿದರು. ಗುಜರಾತಿನ ಆನಂದದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಅದನ್ನು ಕಾರ್ಖಾನೆಗೆ ತಂದಿತು. ಅಮುಲ್ ಡಬ್ಬದ ಮೂಲಕ ಮೈಸೂರಿನ ವಿದ್ಯೆ ದೇಶದ ಮನೆಮನೆಗೆ ಮುಟ್ಟಿತು. ವಿದೇಶಿ ಡಬ್ಬಕ್ಕಾಗಿ ಅಲೆದಾಡುವ ಕಾಲ ಮುಗಿಯತೊಡಗಿತು.

ಡಬ್ಬದ ಮೇಲಿನ ಸಮರ

ಡಬ್ಬ ಸಿಗುವುದು ಬೇರೆ, ಅದನ್ನು ಸರಿಯಾಗಿ ಬಳಸುವ ಅನುಕೂಲ ಇರುವುದು ಬೇರೆ. ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲೇ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂಬ ವಿಷಯವಾಗಿ ಮಾತನಾಡಿದ್ದರು. ಸಿಹಿ ಮಂದಹಾಲನ್ನು ಶಿಶುಗಳಿಗೆ ತಕ್ಕ ಆಹಾರವೆಂದು ಪ್ರಚಾರ ಮಾಡಿ ಮಾರುವುದರಿಂದಾಗುವ ಸಾವುಗಳನ್ನು ಕೊಲೆಯೆಂದೇ ಎಣಿಸಬೇಕು ಎಂಬುದು ಆಕೆಯ ವಾದ. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆ ಬಡದೇಶಗಳಲ್ಲಿನ ಪರಿಸ್ಥಿತಿ ಕುರಿತು ವರದಿ ಪ್ರಕಟಿಸಿತು. ಶುದ್ಧ ನೀರಿಲ್ಲ, ಬಾಟಲಿ ಕುದಿಸಲು ಉರುವಲಿಲ್ಲ, ಓದು ಬಾರದು. ದುಬಾರಿ ಡಬ್ಬ ಹೆಚ್ಚು ದಿನ ಬರಲೆಂದು ತಾಯಂದಿರು ಪುಡಿಯನ್ನು ತೆಳುವಾಗಿ ಕಲಸುತ್ತಿದ್ದರು. ಮಗು ಹೊಟ್ಟೆ ತುಂಬ ಕುಡಿದೂ ಸೊರಗುತ್ತಿತ್ತು. ಅತ್ತ ಎದೆಹಾಲು ಬತ್ತಿಹೋಗಿರುತ್ತಿತ್ತು.

1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಉತ್ಪನ್ನಗಳ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ದೇಶಗಳು, ವಿರುದ್ಧವಾಗಿ ಒಂದೇ ದೇಶ, ಅಮೆರಿಕ. ಭಾರತ 1992ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾನೂನು ಮಾಡಿತು. 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ, ಪುಕ್ಕಟೆ ಮಾದರಿ ಹಂಚುವಂತಿಲ್ಲ, ಶಿಶು ಹಾಲುಪುಡಿಯ ಡಬ್ಬದ ಮೇಲೆ ಗುಂಡುಗುಂಡಗಿನ ಮಗುವಿನ ಚಿತ್ರ ಹಾಕುವಂತಿಲ್ಲ. ತಾಯಿಯ ಹಾಲೇ ಶ್ರೇಷ್ಠ ಎಂಬ ಸೂಚನೆ, ತಯಾರಿಸುವ ವಿಧಾನ, ತಪ್ಪು ತಯಾರಿಕೆಯ ಅಪಾಯ ಇವು ಡಬ್ಬದ ಮೇಲೆ ಇರಲೇಬೇಕು.

ಪುಡಿಯೊಳಗಿನ ಶತ್ರು

ನೀರು ಶುದ್ಧ, ಬಾಟಲಿ ಶುದ್ಧ. ಆದರೆ ಪುಡಿ? ಅದು ಪೂರ್ತಿ ಸೂಕ್ಷ್ಮಾಣುರಹಿತ ಎಂದು ಬಹುಕಾಲ ಜನ ನಂಬಿದ್ದರು. 2001ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುವೊಂದು ಮಿದುಳುಪೊರೆಯ ಸೋಂಕಿನಿಂದ ಅಸುನೀಗಿದಾಗ ತನಿಖೆ ಹಾಲುಪುಡಿಯತ್ತ ಬೆಟ್ಟು ಮಾಡಿತು. ಈ ಸೂಕ್ಷ್ಮಾಣುವಿಗೆ ವಿಜ್ಞಾನಿಗಳು ಮುಂದೆ ಕ್ರೋನೊಬ್ಯಾಕ್ಟರ್ ಎಂದು ಹೆಸರಿಟ್ಟರು. ಹೆತ್ತ ಮಕ್ಕಳನ್ನೇ ನುಂಗಿದ ಗ್ರೀಕ್ ಪುರಾಣದ ಕ್ರೋನಸ್‌ನ ಹೆಸರು ಅದು. ಇದರ ಸೋಂಕು ಅಪರೂಪ, ತಗುಲಿದರೆ ಮಾತ್ರ ಮಾರಕ. ಎರಡು ತಿಂಗಳೊಳಗಿನ ಕೂಸುಗಳಿಗೆ, ಅವಧಿಗೆ ಮುನ್ನ ಹುಟ್ಟಿದವಕ್ಕೆ, ತೂಕ ಕಡಿಮೆ ಇರುವವಕ್ಕೆ ಅಪಾಯ ಹೆಚ್ಚು. 2022ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ದೊಡ್ಡ ಕಾರ್ಖಾನೆಯೊಂದು ಇದೇ ಸೂಕ್ಷ್ಮಾಣುವಿನ ಭಯದಿಂದ ಮುಚ್ಚಿದಾಗ, ಶ್ರೀಮಂತ ದೇಶದ ತಾಯಂದಿರೂ ಖಾಲಿ ಅಂಗಡಿಗಳ ಮುಂದೆ ಪರದಾಡಿದರು.

ಈ ಹಿನ್ನೆಲೆಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. 'ಕಾಯಿಸಿ ಆರಿಸಿದ ನೀರು' ಎಂಬುದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಮಾತು. ಕುಡಿಯಲು ಅದು ಸರಿ. ಆದರೆ ಪುಡಿ ಕಲಸಲು ಪೂರ್ತಿ ಆರಿದ ನೀರು ಸಾಲದು. ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಪುಡಿಯೊಳಗಿನ ಸೂಕ್ಷ್ಮಾಣು ಸಾಯುವುದು ಆ ಬಿಸಿಯಲ್ಲಿ. ಕಲಸಿದ ಮೇಲೆ ಆರಿಸಬೇಕು.

ಕ್ರಮ ಹೀಗಿದೆ. ಸೋಪಿನಿಂದ ಕೈ ತೊಳೆಯಬೇಕು. ಬಾಟಲಿ, ನಿಪ್ಪಲ್‌ಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರಿನಲ್ಲಿ ಪೂರ್ತಿ ಮುಳುಗಿಸಿ ಕುದಿಸಬೇಕು. ಹೊಸ ನೀರನ್ನು ಮರಳುವಂತೆ ಕುದಿಸಬೇಕು. ಫಿಲ್ಟರಿನ ನೀರಾಗಲಿ, ಅಂಗಡಿಯ ಬಾಟಲಿ ನೀರಾಗಲಿ ಕುದಿಸದೆ ಬಳಸಬಾರದು. ಒಲೆಯಿಂದ ಇಳಿಸಿ ಅರ್ಧ ಗಂಟೆಯೊಳಗೆ ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಡಬ್ಬದಲ್ಲಿರುವ ಚಮಚದಿಂದಲೇ, ಅಂಚಿಗೆ ಸಮ ಮಾಡಿ, ಡಬ್ಬ ಹೇಳಿದಷ್ಟೇ ಅಳತೆ. ಹೆಚ್ಚಾದರೆ ಮಗುವಿಗೆ ಭಾರ, ಕಡಿಮೆಯಾದರೆ ಹಸಿವು. ಮುಚ್ಚಿ ಅಲುಗಿಸಿ, ಬಾಟಲಿಯನ್ನು ನಲ್ಲಿಯ ನೀರಿಗೆ ಹಿಡಿದರೆ ಅಥವಾ ತಣ್ಣೀರಿನ ಪಾತ್ರೆಯಲ್ಲಿಟ್ಟರೆ ಬೇಗ ಆರುತ್ತದೆ. ನೀರು ಬಾಟಲಿಯ ಮುಚ್ಚಳಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ, ಉಗುರು ಬೆಚ್ಚಗಿದ್ದರೆ ಕುಡಿಸಬಹುದು. 2 ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಬೇಕು. ಕಾಸು ಹೋಯಿತೆಂದು ಸಂಕಟಪಡಬಾರದು.

ನಡುರಾತ್ರಿ ಅಳುವ ಕೂಸಿನ ಮುಂದೆ ಇಷ್ಟೆಲ್ಲ ಸಾಧ್ಯವೇ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉಪಾಯ ಮುನ್ಸಿದ್ಧತೆ. ಕುದಿದ ನೀರನ್ನು ಶುಚಿಯಾದ ಫ್ಲಾಸ್ಕಿನಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಡಬಹುದು. ಅದರ ಬಿಸಿ 70 ಡಿಗ್ರಿಗಿಂತ ಇಳಿಯುವ ಮೊದಲೇ ಬಳಸಬೇಕು. ಕುದಿಸಿದ ಬಾಟಲಿಗಳನ್ನು ಮುಚ್ಚಿ ಸಿದ್ಧವಾಗಿಡಬಹುದು. ಒಂದೊಂದು ಹೊತ್ತಿನ ಪುಡಿಯನ್ನು ಒಣಗಿದ ಶುಚಿ ಡಬ್ಬಿಗಳಲ್ಲಿ ಅಳೆದಿಡಬಹುದು. ಆಗ ಉಳಿಯುವ ಕೆಲಸ ಐದಾರು ನಿಮಿಷದ್ದು. ಮೊದಲೇ ಕಲಸಿಡಲೇಬೇಕಾದರೆ ಕೂಡಲೇ ಆರಿಸಿ, 5 ಡಿಗ್ರಿಗಿಂತ ತಂಪಾದ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು. ನಮ್ಮ ಬೇಸಿಗೆಯಲ್ಲಿ, ಕರೆಂಟು ಹೋಗಿ ಬರುವ ಊರುಗಳಲ್ಲಿ ಹೊತ್ತಿಗೆ ಹೊತ್ತಿಗೆ ಹೊಸದಾಗಿ ಕಲಸುವುದೇ ಮೇಲು.

ಈ ಸುದೀರ್ಘ ಕಥೆಯಲ್ಲಿ ಒಂದು ವಿಪರ್ಯಾಸವೂ ಇದೆ. ಬಾಟಲಿ ಬಂದಾಗ ಹಳೆಯ ಒಳಲೆ ಅಟ್ಟ ಸೇರಿತು. ಇಂದು ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ, ಹೀರಲು ಶಕ್ತಿಯಿಲ್ಲದ ಎಳೆಗೂಸುಗಳಿಗೆ ಹಾಲು ಕುಡಿಸುತ್ತಿರುವುದು ಒಳಲೆಯಲ್ಲೇ. ಅದಕ್ಕೆ ಸಂದಿಯಿಲ್ಲ, ಕೊಳವೆಯಿಲ್ಲ. ತಿಕ್ಕಿ ತೊಳೆದು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಮುಗಿಯಿತು. ಕೊಲೆಗಾರ ಬಾಟಲಿ ಕಲಿಸಿದ ಪಾಠ, ಅಂದರೆ ತೊಳೆಯಲಾಗದ್ದನ್ನು ಮಗುವಿನ ಬಾಯಿಗೆ ಇಡಬೇಡ ಎಂಬುದು, ನಮ್ಮ ಅಜ್ಜಿಯರ ಒಳಲೆಯಲ್ಲಿ ಮೊದಲೇ ಇತ್ತು.