ಮಾತಿನ ಮದ್ದು ಮತ್ತು ಅದರ ಟೀಕಾಕಾರರು

ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ಮೇಷ್ಟ್ರೇ, ಖಿನ್ನತೆಗೆ ಮಾತಿನ ಚಿಕಿತ್ಸೆ ಎನ್ನುತ್ತಾರಲ್ಲ, ಅದರಲ್ಲಿ ಹುರುಳಿದೆಯೇ?" ಒಬ್ಬರು ಅದನ್ನು ಸಂಜೀವಿನಿಯೆಂದು ಹೊಗಳಿದರೆ ಇನ್ನೊಬ್ಬರು ಬರೀ ದುಡ್ಡು ದಂಡ ಎನ್ನುತ್ತಾರೆ. ನಾನು ವೈದ್ಯನಲ್ಲ, ಇತಿಹಾಸದ ಪಾಠ ಹೇಳಿದವನು. ಆದುದರಿಂದ ಇತಿಹಾಸದ ದಾರಿಯಲ್ಲೇ ನಡೆದು, ಹೊಗಳಿಕೆ ತೆಗಳಿಕೆಗಳೆರಡನ್ನೂ ತೂಗಿ ನೋಡೋಣ.

ಇಂದು ಹೆಚ್ಚು ಪ್ರಚಾರದಲ್ಲಿರುವ ಮಾತಿನ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಇದರ ಮುಖ್ಯ ಪ್ರವರ್ತಕರಾದ ಆರನ್ ಬೆಕ್ (1921–2021) ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮನೋವೈದ್ಯರು. ಅವರು ಮೊದಲು ಫ್ರಾಯ್ಡನ ಮನೋವಿಶ್ಲೇಷಣೆಯ ಪಂಥದಲ್ಲಿ ತರಬೇತಿ ಪಡೆದಿದ್ದರು. ತನ್ನ ಮೇಲೆಯೇ ತಿರುಗಿದ ಕೋಪವೇ ಖಿನ್ನತೆ ಎಂಬುದು ಆ ಪಂಥದ ನಂಬಿಕೆ. ಅದನ್ನು ರುಜುವಾತುಪಡಿಸಲೆಂದು ರೋಗಿಗಳ ಕನಸುಗಳನ್ನು ಪರಿಶೀಲಿಸಿದಾಗ ಬೆಕ್ ಅವರಿಗೆ ಕಂಡದ್ದು ಕೋಪವಲ್ಲ. ಸೋಲು ಮತ್ತು ನಷ್ಟ. 1960ರ ದಶಕದಲ್ಲಿ ಅವರು ಹೊಸ ದಾರಿ ಹಿಡಿದರು. "ನಾನು ಯಾವುದಕ್ಕೂ ಬಾರದವನು" ಎಂಬ ರೋಗಿಯ ಮಾತನ್ನು ವೈದ್ಯನೂ ರೋಗಿಯೂ ಜೊತೆಗೂಡಿ ಸಾಕ್ಷ್ಯವಿಟ್ಟು ಪರೀಕ್ಷಿಸುವುದು, ಬಿಟ್ಟುಹೋದ ದಿನನಿತ್ಯದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಆರಂಭಿಸುವುದು — ಇವೆರಡೂ ಆ ದಾರಿಯ ಅಂಗಗಳು. 1977ರಲ್ಲಿ ಅವರ ತಂಡ 41 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಇಮಿಪ್ರಮಿನ್ ಎಂಬ ಔಷಧಿಗಿಂತ ಮಾತಿನ ಚಿಕಿತ್ಸೆಯೇ ಹೆಚ್ಚು ಗುಣ ನೀಡಿತ್ತು. ಕೀರ್ತಿ ಹಬ್ಬಿತು, ಅದರ ಬೆನ್ನಲ್ಲೇ ಟೀಕೆಗಳೂ ಬಂದವು.

ಮೊದಲನೆಯ ಟೀಕೆ ಫಲದ ಕುರಿತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 250 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಡೆಸಿದ ದೊಡ್ಡ ಪ್ರಯೋಗದ ವರದಿ 1989ರಲ್ಲಿ ಹೊರಬಂತು. ವೈದ್ಯರ ಆರೈಕೆಯೊಡನೆ ಬರೀ ಹುಸಿ ಗುಳಿಗೆ ನುಂಗಿದವರಿಗಿಂತ ಸಿಬಿಟಿ ಪಡೆದವರು ಗಮನಾರ್ಹವಾಗಿ ಮುಂದಿರಲಿಲ್ಲ. ತೀವ್ರ ಖಿನ್ನತೆಯವರಿಗೆ ಔಷಧಿಯೇ ಮೇಲೆನಿಸಿತು. ಇದು ಸಣ್ಣ ಪೆಟ್ಟಲ್ಲ. ಆದರೆ 2005ರಲ್ಲಿ ಬಂದ ಇನ್ನೊಂದು ಅಧ್ಯಯನ ತಕ್ಕಡಿಯ ಮತ್ತೊಂದು ತಟ್ಟೆಗೆ ತೂಕ ಹಾಕಿತು. ಗುಣಮುಖರಾದವರ ಪೈಕಿ ಔಷಧಿ ನಿಲ್ಲಿಸಿದವರಲ್ಲಿ ಶೇಕಡ 76ರಷ್ಟು ಮಂದಿಗೆ ವರ್ಷದೊಳಗೆ ಕಾಯಿಲೆ ಮರುಕಳಿಸಿದರೆ, ಮಾತಿನ ಚಿಕಿತ್ಸೆ ಮುಗಿಸಿದವರಲ್ಲಿ ಮರುಕಳಿಸಿದ್ದು ಶೇಕಡ 31ರಷ್ಟು ಮಂದಿಗೆ ಮಾತ್ರ.

ಎರಡನೆಯ ಟೀಕೆ ಇನ್ನೂ ಆಳವಾದುದು. ಗಡಿಯಾರವನ್ನು ಬಿಚ್ಚಿ, ಯಾವ ಚಕ್ರ ನಿಜಕ್ಕೂ ಕೆಲಸ ಮಾಡುತ್ತಿದೆಯೆಂದು ನೋಡುವಂತೆ, ನೀಲ್ ಜೇಕಬ್ಸನ್ ಎಂಬ ವಿದ್ವಾಂಸರು ಈ ಚಿಕಿತ್ಸೆಯ ಅಂಗಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಆಲೋಚನೆಗಳನ್ನು ತಿದ್ದುವ ಗೋಜಿಗೇ ಹೋಗದೆ, ದಿನಚರಿಯ ಕೆಲಸಗಳನ್ನು ಮತ್ತೆ ಹಿಡಿಸಿದ ಗುಂಪಿನವರೂ ಪೂರ್ಣ ಚಿಕಿತ್ಸೆ ಪಡೆದವರಷ್ಟೇ ಸುಧಾರಿಸಿದ್ದರು. ಇಲ್ಲಿ ನಾವು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಟೀಕೆಯಿಂದ ಅಲುಗಾಡಿದ್ದು ಬೆಕ್ ಅವರ ಸಿದ್ಧಾಂತ. ರೋಗಿಗೆ ದೊರೆತ ಗುಣವಲ್ಲ.

ಮೂರನೆಯದು ಸಾಮಾಜಿಕ ಟೀಕೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮುಂತಾದವರ ವಾದವನ್ನು ಒಪ್ಪಿ ಇಂಗ್ಲೆಂಡಿನ ಸರ್ಕಾರ 2008ರಿಂದ ಈ ಚಿಕಿತ್ಸೆಯನ್ನು ದೊಡ್ಡ ಪ್ರಮಾಣದಲ್ಲಿ ಜನರಿಗೆ ಒದಗಿಸತೊಡಗಿತು. ಗುಣವಾದವರು ಕೆಲಸಕ್ಕೆ ಮರಳಿದರೆ ಬೊಕ್ಕಸಕ್ಕೂ ಲಾಭ ಎಂಬ ಲೆಕ್ಕಾಚಾರ ಅದರಲ್ಲಿತ್ತು. ಹಸಿವು, ನಿರುದ್ಯೋಗ, ಒಂಟಿತನಗಳ ನೋವನ್ನು ವ್ಯಕ್ತಿಯ ಆಲೋಚನೆಯ ತಪ್ಪೆಂದು ಬಗೆಯುವುದು ನ್ಯಾಯವೇ ಎಂದು ಟೀಕಾಕಾರರು ಕೇಳಿದರು. ಈ ಪ್ರಶ್ನೆ ಸರಿಯಾದುದೇ. ಆದರೆ ಅದು ಮುಖ್ಯವಾಗಿ ಆಳುವವರಿಗೆ ಸಲ್ಲುವ ಪ್ರಶ್ನೆ. ಬಡತನ ನೀಗುವವರೆಗೆ ಬಡವನ ಖಿನ್ನತೆ ಕಾಯಲಿ ಎನ್ನಲಾಗದು.

ಈ ಮಾತಿಗೆ ಉತ್ತರ ದೊರೆತದ್ದು ನಮ್ಮ ನೆರೆಯ ಗೋವೆಯಲ್ಲಿ. ಜೇಕಬ್ಸನ್ ಅವರ ಪ್ರಯೋಗ ಎತ್ತಿ ತೋರಿಸಿದ ಆ ಸರಳ ಅಂಗವನ್ನೇ ಆಧಾರವಾಗಿಟ್ಟುಕೊಂಡು ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ಚಿಕಿತ್ಸೆ ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಅದೂ ಆರರಿಂದ ಎಂಟು ಭೇಟಿಗಳಲ್ಲಿ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ಮೂರು ತಿಂಗಳ ಬಳಿಕ ಇವರಲ್ಲಿ ಶೇಕಡ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿನ ಆರೈಕೆ ಪಡೆದವರಲ್ಲಿ ಶೇಕಡ 39ರಷ್ಟು ಮಂದಿ. ಎಲ್ಲರೂ ಗುಣವಾಗಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಟೀಕೆಯ ಫಲವನ್ನು ಇದರಲ್ಲಿ ಕಾಣಬಹುದು. ಟೀಕಾಕಾರರು ಬಿಚ್ಚಿ ನೋಡಿದ್ದರಿಂದಲೇ ದುಬಾರಿ ವಿದ್ಯೆಯೊಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇಳಿದು ಬರಲು ಸಾಧ್ಯವಾಯಿತು. ಆದುದರಿಂದ ಪ್ರಿಯರೇ, "ಸಿಬಿಟಿ ಸುಳ್ಳಂತೆ" ಎಂದು ಯಾರಾದರೂ ಹೇಳಿದರೆ, ಸುಳ್ಳಾದದ್ದು ಯಾವುದು, ಅದರ ವಿವರಣೆಯೋ ಪ್ರಯೋಜನವೋ ಎಂದು ಕೇಳಿ. "ಅದೊಂದೇ ಸಾಕು" ಎಂದರೆ, ಯಾರಿಗೆ, ಯಾವುದಕ್ಕೆ ಹೋಲಿಸಿ ಎಂದು ಕೇಳಿ. ವೈದ್ಯರು ಕೊಟ್ಟ ಔಷಧಿಯನ್ನು ಇಂಥ ಲೇಖನ ಓದಿ ನಿಲ್ಲಿಸಬೇಡಿ. ನಿಮ್ಮಲ್ಲಿ ಯಾರಿಗಾದರೂ ವಾರಗಟ್ಟಲೆ ಮನಸ್ಸು ಕತ್ತಲುಗಟ್ಟಿದ್ದರೆ ನಾಚಿಕೆ ಬೇಡ. ಹತ್ತಿರದ ವೈದ್ಯರನ್ನು ಕಾಣಿ. ಭಾರತದಲ್ಲಿರುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.