ನೀಹಾರಿಕಾ ವೀಕ್ಷಣೆಯ ಫಿಲ್ಟರುಗಳು

ನೀಹಾರಿಕಾ ಫಿಲ್ಟರ್ ಎಂಬುದು ದೂರದರ್ಶಕದ ಐಪೀಸಿನ ತಳಕ್ಕೆ ತಿರುಪಿ ಕೂರಿಸುವ ಗಾಜಿನ ಬಿಲ್ಲೆ. ನೀಹಾರಿಕೆಗಳು ಹೊರಸೂಸುವ ಕೆಲವೇ ಬಣ್ಣಗಳ ಬೆಳಕನ್ನು ಅದು ಒಳಬಿಟ್ಟು ಉಳಿದುದನ್ನು ತಡೆಯುತ್ತದೆ. ಕನ್ನಡ ವಿಜ್ಞಾನ ಬರವಣಿಗೆಯಲ್ಲಿ ಇದನ್ನು ಶೋಧಕವೆಂದೂ ಕರೆಯುವುದುಂಟು. ಫಿಲ್ಟರ್ ಹಾಕಿದರೆ ನೀಹಾರಿಕೆ ಹೆಚ್ಚು ಪ್ರಕಾಶಮಾನವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಯಾವ ಫಿಲ್ಟರೂ ಬೆಳಕನ್ನು ಹೆಚ್ಚಿಸಲಾರದು. ಹಿನ್ನೆಲೆಯ ಆಕಾಶ ಕಪ್ಪಾಗುವುದರಿಂದ ನೀಹಾರಿಕೆ ಎದ್ದು ತೋರುತ್ತದೆ, ಅಷ್ಟೇ. ಆದ್ದರಿಂದ ಆಯ್ಕೆಯ ಪ್ರಶ್ನೆ ಮೂರು ಸಂಗತಿಗಳನ್ನು ಅವಲಂಬಿಸಿದೆ: ನೋಡಬೇಕಾದ ಕಾಯ ಯಾವುದು, ದೂರದರ್ಶಕದ ವ್ಯಾಸವೆಷ್ಟು, ನಿಂತ ನೆಲದ ಆಕಾಶ ಎಂತಹುದು.

ಹಿನ್ನೆಲೆ

1864ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಘಟಸರ್ಪ ರಾಶಿಯ ಎನ್‌ಜಿಸಿ 6543 ಎಂಬ ಗ್ರಹೀಯ ನೀಹಾರಿಕೆಯತ್ತ ರೋಹಿತದರ್ಶಕವನ್ನು ತಿರುಗಿಸಿದರು. ನಕ್ಷತ್ರದಲ್ಲಿ ಕಾಣುವಂತಹ ಕಾಮನಬಿಲ್ಲಿನ ಪಟ್ಟಿ ಅಲ್ಲಿರಲಿಲ್ಲ. ಕೆಲವೇ ಪ್ರತ್ಯೇಕ ಉಜ್ಜ್ವಲ ರೇಖೆಗಳಿದ್ದವು. ನೀಹಾರಿಕೆಯು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲವೆಂಬುದು ಇದರಿಂದ ಖಚಿತವಾಯಿತು. ಅವುಗಳಲ್ಲಿ ಎರಡು ಹಸಿರು ರೇಖೆಗಳು ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲವಾಗಿ, ‘ನೆಬ್ಯುಲಿಯಂ’ ಎಂಬ ಹೊಸ ಧಾತುವೊಂದನ್ನು ವಿಜ್ಞಾನಿಗಳು ಕಲ್ಪಿಸಿಕೊಂಡರು. ಅರವತ್ತಕ್ಕೂ ಹೆಚ್ಚು ವರ್ಷಗಳ ಅನಂತರ, 1927ರಲ್ಲಿ, ಅಮೆರಿಕದ ಐರಾ ಬೋವೆನ್ ಈ ಒಗಟನ್ನು ಬಿಡಿಸಿದರು. ಆ ರೇಖೆಗಳು ಎರಡು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಸಾಮಾನ್ಯ ಆಮ್ಲಜನಕದವು. ಭೂಮಿಯ ಪ್ರಯೋಗಶಾಲೆಗಳಲ್ಲಿ ಸಾಧಿಸಲಾಗದಷ್ಟು ವಿರಳವಾದ ಅನಿಲದಲ್ಲಿ ಮಾತ್ರ ಅವು ಪ್ರಬಲವಾಗಿ ಕಾಣಿಸಿಕೊಳ್ಳುತ್ತವೆ. ಇಂದಿನ ಫಿಲ್ಟರುಗಳ ಆಧಾರ ಇದೇ ರೇಖೆಗಳು.

ತತ್ತ್ವ

ಕಣ್ಣಿನ ವೀಕ್ಷಣೆಗೆ ಮುಖ್ಯವಾದ ರೇಖೆಗಳು ಮೂರು. ಆಮ್ಲಜನಕದವು 495.9 ಮತ್ತು 500.7 ನ್ಯಾನೋಮೀಟರ್ ತರಂಗಾಂತರದಲ್ಲಿವೆ. ಜಲಜನಕದ ಬೀಟಾ ರೇಖೆ 486.1 ನ್ಯಾನೋಮೀಟರ್‌ನಲ್ಲಿದೆ. ಜಲಜನಕದ ಆಲ್ಫಾ ರೇಖೆ 656.3 ನ್ಯಾನೋಮೀಟರ್‌ನ ಕೆಂಪು ಬೆಳಕು. ಛಾಯಾಚಿತ್ರಗಳಲ್ಲಿ ನೀಹಾರಿಕೆಗಳು ಕೆಂಪಾಗಿ ತೋರುವುದು ಅದರಿಂದ. ಕತ್ತಲೆಗೆ ಹೊಂದಿಕೊಂಡ ಮಾನವ ನೇತ್ರ ಆ ಕೆಂಪಿಗೆ ಬಹುಮಟ್ಟಿಗೆ ಕುರುಡು. ಅದರ ಗರಿಷ್ಠ ಸಂವೇದನೆ 507 ನ್ಯಾನೋಮೀಟರ್ ಆಸುಪಾಸಿನಲ್ಲಿದೆ, ಅಂದರೆ ಆಮ್ಲಜನಕದ ರೇಖೆಗಳ ನೆರೆಯಲ್ಲೇ. ಪುಸ್ತಕದ ಬಣ್ಣದ ಚಿತ್ರ ನೋಡಿ ದೂರದರ್ಶಕಕ್ಕೆ ಕಣ್ಣಿಟ್ಟ ವಿದ್ಯಾರ್ಥಿಗೆ ಬೂದು ಅಥವಾ ತೆಳುಹಸಿರು ಮಬ್ಬು ಮಾತ್ರ ಕಂಡು ನಿರಾಶೆಯಾದರೆ, ತಪ್ಪು ಉಪಕರಣದ್ದಲ್ಲ.

ಈ ಬಿಲ್ಲೆಗಳು ಬಣ್ಣ ಬೆರೆಸಿದ ಗಾಜಲ್ಲ. ಗಾಜಿನ ಮೇಲೆ ಒಂದರ ಮೇಲೊಂದರಂತೆ ಲೇಪಿಸಿದ ಅತಿ ತೆಳು ಪದರಗಳಲ್ಲಿ ಬೆಳಕಿನ ವ್ಯತಿಕರಣ ನಡೆದು, ಬೇಕಾದ ತರಂಗಾಂತರಗಳು ದಾಟುತ್ತವೆ, ಬೇಡವಾದವು ಹಿಂದಿರುಗುತ್ತವೆ. ಫಿಲ್ಟರನ್ನು ಓರೆಯಾಗಿ ಹಿಡಿದರೆ ದಾಟುವ ಪಟ್ಟಿ ನೀಲಿಯ ಕಡೆಗೆ ಸರಿಯುವುದು ಇದೇ ಕಾರಣಕ್ಕೆ.

ವಿಧಗಳು

ಅಗಲಪಟ್ಟಿಯ ಫಿಲ್ಟರುಗಳು ಪಾದರಸ ಮತ್ತು ಸೋಡಿಯಂ ಬೀದಿದೀಪಗಳ ರೇಖೆಗಳನ್ನು ತಡೆದು ಉಳಿದ ಬಹುಪಾಲನ್ನು ಬಿಡಲೆಂದು ರೂಪುಗೊಂಡವು. ಎಲ್‌ಇಡಿ ದೀಪಗಳು ಬಂದ ಮೇಲೆ ಇವುಗಳ ಪ್ರಯೋಜನ ಕುಗ್ಗಿದೆ. ಸೋಡಿಯಂ ದೀಪದ ಬೆಳಕು ಬಹುಮಟ್ಟಿಗೆ ಕೆಲವೇ ರೇಖೆಗಳಲ್ಲಿ ಸಂಚಿತವಾಗಿರುತ್ತದೆ. ಬಿಳಿ ಎಲ್‌ಇಡಿಯದು ರೋಹಿತದ ಉದ್ದಕ್ಕೂ ಹರಡಿರುವುದರಿಂದ ಅದನ್ನು ಆಯ್ದು ತಡೆಯಲಾಗದು. ಇಂದು ಹೊಸದಾಗಿ ಕೊಳ್ಳುವವರು ಈ ವರ್ಗವನ್ನು ಬಿಟ್ಟರೂ ನಷ್ಟವಿಲ್ಲ.

ಯುಎಚ್‌ಸಿ ಎಂದು ಹೆಸರಾದ ಕಿರುಪಟ್ಟಿಯ ಫಿಲ್ಟರು ಸುಮಾರು 25 ನ್ಯಾನೋಮೀಟರ್ ಅಗಲದ ಕಿಂಡಿಯಲ್ಲಿ ಮೇಲಿನ ಮೂರೂ ರೇಖೆಗಳನ್ನು ಬಿಡುತ್ತದೆ. ಒಂದನ್ನೇ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು. ಮಹಾವ್ಯಾಧದ ಎಮ್ 42, ಧನು ರಾಶಿಯ ಎಮ್ 8 ಮತ್ತು ಎಮ್ 17, ಏಕಶೃಂಗಿಯ ರೋಸೆಟ್ ನೀಹಾರಿಕೆ ಇದರಲ್ಲಿ ಚೆನ್ನಾಗಿ ಕಾಣುತ್ತವೆ.

ಒ-3 ಫಿಲ್ಟರಿನ ಕಿಂಡಿ ಇನ್ನೂ ಕಿರಿದು, ಸುಮಾರು 10ರಿಂದ 12 ನ್ಯಾನೋಮೀಟರ್. ಆಮ್ಲಜನಕದ ಜೋಡಿರೇಖೆಗಳಿಗೆ ಮಾತ್ರ ಅಲ್ಲಿ ಪ್ರವೇಶ. ಗ್ರಹೀಯ ನೀಹಾರಿಕೆಗಳಿಗೂ ರಾಜಹಂಸ ರಾಶಿಯ ವೇಲ್ ನೀಹಾರಿಕೆಗೂ ಇದಕ್ಕೆ ಸಾಟಿಯಿಲ್ಲ. ಬರಿಯ ಐಪೀಸಿನಲ್ಲಿ ಇದೆಯೋ ಇಲ್ಲವೋ ಎನಿಸುವ ವೇಲ್, ಒ-3 ಹಾಕಿದೊಡನೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಕುಂಭ ರಾಶಿಯ ಹೀಲಿಕ್ಸ್ (ಎನ್‌ಜಿಸಿ 7293) ಕೂಡ ಇದೇ ಬಗೆಯದು.

ಜಲಜನಕ-ಬೀಟಾ ಫಿಲ್ಟರಿಗೆ ಒಲಿಯುವ ಕಾಯಗಳು ಬೆರಳೆಣಿಕೆಯಷ್ಟು. ಪಾರ್ಥ ರಾಶಿಯ ಕ್ಯಾಲಿಫೋರ್ನಿಯಾ ನೀಹಾರಿಕೆ, ಮಹಾವ್ಯಾಧದ ಕುದುರೆತಲೆಯ ಹಿಂದಿನ ಐಸಿ 434 ಅವುಗಳಲ್ಲಿ ಪ್ರಸಿದ್ಧ. ಕುದುರೆತಲೆಗೆ ದೊಡ್ಡ ದೂರದರ್ಶಕವೂ ಅಪ್ಪಟ ಕತ್ತಲೆಯೂ ಬೇಕು. ಮೊದಲ ಖರೀದಿಗೆ ಇದು ಸಲ್ಲ.

ಕೃತ್ತಿಕೆಯ ಸುತ್ತಲಿನ ಮಬ್ಬು, ಮಹಾವ್ಯಾಧದ ಎಮ್ 78 ಮುಂತಾದ ಪ್ರತಿಫಲನ ನೀಹಾರಿಕೆಗಳು ನಕ್ಷತ್ರದ ಬೆಳಕನ್ನೇ ಚದರಿಸುತ್ತವೆ. ನಕ್ಷತ್ರಗುಚ್ಛ, ಗೆಲಾಕ್ಸಿಗಳದೂ ನಕ್ಷತ್ರದ ಬೆಳಕೇ. ಅಲ್ಲಿ ಈ ಫಿಲ್ಟರುಗಳು ಆಕಾಶದೊಂದಿಗೆ ಕಾಯವನ್ನೂ ಮಂಕಾಗಿಸುತ್ತವೆ.

ಆಯ್ಕೆಯ ಲೆಕ್ಕ

ಐಪೀಸಿನಿಂದ ಹೊರಬೀಳುವ ಬೆಳಕಿನ ಕಂಬದ ವ್ಯಾಸಕ್ಕೆ ನಿರ್ಗಮ ಪಾಪೆ ಎನ್ನಬಹುದು. ಐಪೀಸಿನ ನಾಭಿದೂರವನ್ನು ದೂರದರ್ಶಕದ ಎಫ್-ಸಂಖ್ಯೆಯಿಂದ ಭಾಗಿಸಿದರೆ ಅದು ದೊರೆಯುತ್ತದೆ. 150 ಮಿಲಿಮೀಟರ್ ವ್ಯಾಸದ, ಎಫ್/5 ದೂರದರ್ಶಕಕ್ಕೆ 25 ಮಿಲಿಮೀಟರ್ ಐಪೀಸ್ ಹಾಕಿದರೆ 30 ಪಟ್ಟು ವರ್ಧನೆ, 5 ಮಿಲಿಮೀಟರ್ ಪಾಪೆ. ಅದೇ ವ್ಯಾಸದ ಎಫ್/8 ದೂರದರ್ಶಕದಲ್ಲಿ ಅದೇ ಐಪೀಸು 48 ಪಟ್ಟು ವರ್ಧಿಸಿ ಸುಮಾರು 3 ಮಿಲಿಮೀಟರ್ ಪಾಪೆ ನೀಡುತ್ತದೆ. ಪಾಪೆ ಕಿರಿದಾದಷ್ಟೂ ನೋಟ ಮಂಕು. ಕಿಂಡಿ ಕಿರಿದಾದ ಫಿಲ್ಟರನ್ನು ಅಂತಹ ನೋಟದ ಮೇಲೆ ಹೇರಿದರೆ ಹಬ್ಬಿರುವ ನೀಹಾರಿಕೆ ಮರೆಯಾಗಿಬಿಡುವುದು. ಹಾಗಾಗಿ ದೊಡ್ಡ ನೀಹಾರಿಕೆಗಳಿಗೆ ಕಡಿಮೆ ವರ್ಧನೆಯೇ ಸೂಕ್ತ. ಉಜ್ಜ್ವಲವಾದ ಪುಟ್ಟ ಗ್ರಹೀಯ ನೀಹಾರಿಕೆಗಳು ಮಾತ್ರ ಹೆಚ್ಚಿನ ವರ್ಧನೆಯನ್ನು ತಾಳಿಕೊಳ್ಳುತ್ತವೆ.

ಕೊಳ್ಳುವಾಗ ಹೆಸರಿಗಿಂತ ಫಿಲ್ಟರಿನೊಂದಿಗೆ ಬರುವ ಪಾರಕತೆಯ ನಕ್ಷೆ ಮುಖ್ಯ. 486ರಿಂದ 501ರ ನಡುವೆ ಶೇಕಡ 90ಕ್ಕೂ ಹೆಚ್ಚು ಬೆಳಕು ದಾಟುತ್ತಿದ್ದು, ಅದರ ಆಚೀಚೆ ನಕ್ಷೆ ಕಡಿದಾಗಿ ಇಳಿದಿದ್ದರೆ ಅದು ಒಳ್ಳೆಯ ಯುಎಚ್‌ಸಿ. ಅದೇ ಹೆಸರು ಹೊತ್ತು ಅಗಲಪಟ್ಟಿಯ ಗುಣವಿರುವ ಸರಕೂ ಮಾರುಕಟ್ಟೆಯಲ್ಲಿದೆ. ಕ್ಯಾಮೆರಾಕ್ಕೆಂದು ಮಾಡಿದ 3 ನ್ಯಾನೋಮೀಟರ್ ಒ-3 ಫಿಲ್ಟರು 495.9ರ ರೇಖೆಯನ್ನು ಕೈಬಿಡುವುದರಿಂದ ಕಣ್ಣಿಗೆ ಒಗ್ಗದು. ಐಪೀಸಿನ ಅಳತೆ 1.25 ಅಂಗುಲವೋ 2 ಅಂಗುಲವೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಕೊಡಗಿನ ಆಕಾಶದಲ್ಲಿ

ಕನ್ನಡದ ಖಗೋಳ ಸಾಹಿತ್ಯಕ್ಕೆ ‘ಕೃಷ್ಣವಿವರಗಳು’ ಮೊದಲಾದ ಕೃತಿಗಳನ್ನು ನೀಡಿದ ಜಿ. ಟಿ. ನಾರಾಯಣ ರಾವ್ (1926–2008) ಜನಿಸಿದ್ದು ಮಡಿಕೇರಿಯಲ್ಲಿ. ಜಿಲ್ಲೆಯಲ್ಲಿ ದೊಡ್ಡ ನಗರವಿಲ್ಲ; ಪೇಟೆಗಳಿಂದ ದೂರದ ತೋಟಗಳಲ್ಲಿ ಕತ್ತಲೆ ಇನ್ನೂ ಉಳಿದಿದೆ. ಕತ್ತಲೆ ಇದ್ದಲ್ಲಿ ಫಿಲ್ಟರೇಕೆ ಎಂದು ಕೇಳಬಹುದು. ವಾಯುಮಂಡಲವೇ 557.7 ನ್ಯಾನೋಮೀಟರ್‌ನಲ್ಲಿ ಸದಾ ಸೂಸುವ ಮಂದ ಹಸಿರು ಬೆಳಕನ್ನು ಯುಎಚ್‌ಸಿ, ಒ-3 ಎರಡೂ ತಡೆಯುತ್ತವೆ. ವಾಸ್ತವವಾಗಿ ಇವು ನಗರಕ್ಕಿಂತ ಕತ್ತಲ ಊರಿನಲ್ಲೇ ಹೆಚ್ಚು ಫಲ ಕೊಡುತ್ತವೆ.

ಅಡ್ಡಿ ದೀಪಗಳದ್ದಲ್ಲ, ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಮುಚ್ಚಿರುವುದರಿಂದ, ಆ ತಿಂಗಳುಗಳ ಸಂಜೆಯ ಧನು ರಾಶಿ ಇಲ್ಲಿ ದುರ್ಲಭ. ಎಮ್ 8, ಎಮ್ 17ಗಳನ್ನು ಮಾರ್ಚ್–ಏಪ್ರಿಲ್‌ನ ಬೆಳಗಿನ ಜಾವದಲ್ಲಿ ನೋಡಬೇಕು. ಅಕ್ಟೋಬರ್–ನವೆಂಬರ್ ಸಂಜೆಗಳು ವೇಲ್ ಹಾಗೂ ಹೀಲಿಕ್ಸ್‌ಗೆ, ಜನವರಿ–ಫೆಬ್ರವರಿ ಮಹಾವ್ಯಾಧ ಹಾಗೂ ರೋಸೆಟ್‌ಗೆ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಆದಕಾರಣ ದೆಹಲಿಯಲ್ಲಿ ಕ್ಷಿತಿಜಕ್ಕೆ ಅಂಟಿಕೊಂಡಂತಿರುವ ದೇವನೌಕೆ ರಾಶಿಯ ಎನ್‌ಜಿಸಿ 3372 ಇಲ್ಲಿ ಏಪ್ರಿಲ್ ರಾತ್ರಿಗಳಲ್ಲಿ ಸುಮಾರು 18 ಡಿಗ್ರಿ ಮೇಲೇರುತ್ತದೆ. ದಕ್ಷಿಣಕ್ಕೆ ಬೆಟ್ಟವಿಲ್ಲದ ಜಾಗ ಸಿಕ್ಕವರಿಗೆ ಯುಎಚ್‌ಸಿಯ ಅತಿ ದೊಡ್ಡ ಪ್ರತಿಫಲ ಇದೇ. ಕಾಫಿ ತೋಟದ ನೆರಳು ಮರಗಳ ನಡುವೆ ಆಕಾಶ ತೆರೆದುಕೊಳ್ಳುವುದು ಕಾಫಿ ಒಣಗಿಸುವ ಕಣದಲ್ಲಿ. ವೀಕ್ಷಣೆಗೆ ಅದಕ್ಕಿಂತ ಅನುಕೂಲವಾದ ಸಮತಟ್ಟು ಜಾಗವಿಲ್ಲ. ಕಾಡಾನೆಗಳ ಓಡಾಟವಿರುವೆಡೆ ರಾತ್ರಿ ಮನೆಯಂಗಳ ದಾಟಿ ಹೋಗದಿರುವುದು ಲೇಸು.

ಆರೈಕೆ ಮತ್ತು ಎಚ್ಚರಿಕೆ

ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆದು ಲೇಪವನ್ನು ಹಾಳುಮಾಡುತ್ತದೆ. ಫಿಲ್ಟರುಗಳನ್ನು ಸಿಲಿಕಾ ಜೆಲ್ ಚೀಲಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಇಬ್ಬನಿ ಬಿದ್ದ ಬಿಲ್ಲೆಯನ್ನು ಒರೆಸದೆ ತಾನಾಗಿ ಆರಲು ಬಿಡಬೇಕು.

ಈ ಫಿಲ್ಟರುಗಳ ಮೂಲಕ ಸೂರ್ಯನನ್ನು ಎಂದೂ ನೋಡಬಾರದು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣದ ಪಥ ಕೊಡಗಿನ ಮೇಲೆ ಹಾದುಹೋಗಿತ್ತು. ಅಂತಹ ಸಂದರ್ಭಗಳಲ್ಲಿ ದೂರದರ್ಶಕದ ಬಾಯಿಗೆ, ಅಂದರೆ ಬೆಳಕು ಒಳಹೋಗುವ ತುದಿಗೆ, ಹೊದಿಸುವ ಸೌರ ಫಿಲ್ಟರ್ ಬೇರೆಯೇ ವಸ್ತು. ನೀಹಾರಿಕಾ ಫಿಲ್ಟರ್ ಕಣ್ಣಿಗೆ ಕಪ್ಪಾಗಿ ತೋರಿದರೂ ಅವಕೆಂಪು ಕಿರಣಗಳನ್ನು ಬಿಡಬಲ್ಲದು. ನಾಭಿಯ ಬಳಿ ಸಂಚಯಿಸಿದ ಶಾಖಕ್ಕೆ ಗಾಜು ಸೀಳಿದರೆ ದೃಷ್ಟಿ ಕ್ಷಣಮಾತ್ರದಲ್ಲಿ ಶಾಶ್ವತವಾಗಿ ಹೋಗಬಹುದು.